ಡಬ್ಬಿಯೊಳಗೆ ಬಿದ್ದ ಮುಚ್ಚಳ

ವೇದಿಕೆಯ ನಡುವೆ ಕುಳಿತಿರುವ ನಮ್ಮ ಕಾರ್ಖಾನೆಯ ಮಾಲೀಕರೇ, ಅವರ ಪಕ್ಕದಲ್ಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗುರುತೇ ಸಿಗದ ಹಾಗೆ ಕುಳಿತಿರುವ, ಇವತ್ತು ನಿವೃತ್ತರಾಗುತ್ತಿರುವ ಅಚ್ಚಿನ ಮೇಸ್ತ್ರಿಗಳೇ, ಅವರ ಮನೆಯವರೇ, ಮತ್ತು ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ಮೊದಲಿಗೆ ಒಂದು ಬಿನ್ನಹ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಕೊನೆಯ ಸಾಲಿನಲ್ಲಿ ನಮ್ಮ ಅತ್ತೆಯವರ ತೊಡೆಯ ಮೇಲೆ ನನ್ನ ಏಳು ತಿಂಗಳ ಮಗಳು ಈಗತಾನೇ ಕಣ್ಣು ಮುಚ್ಚಿದ್ದಾಳೆ. ನನ್ನ ಮಾತು ಹಿಡಿಸಿದರೆ ತಲೆಯಾಡಿಸಿ. ಹಿಡಿಸದಿದ್ದರೂ ತಲೆಯಾಡಿಸಿ, ನಿದ್ದೆಗೆಟ್ಟ ಕಣ್ಣಿಗೆ ಇಲ್ಲಿಂದ ವ್ಯತ್ಯಾಸ ಕಾಣುವುದಿಲ್ಲ.

ನಾಲ್ಕು ವರ್ಷದ ಹಿಂದೆ ಕಾಲೇಜಿನ ಪದಕ ಹಿಡಿದುಕೊಂಡು ಅಚ್ಚಿನ ನಕ್ಷೆ ಬರೆಯುವ ಕೆಲಸಕ್ಕೆ ಬಂದವಳು ನಾನು. ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿ ತುಂಬಿದರೆ ಬಕೆಟ್ಟು, ಬಾಚಣಿಗೆ, ಡಬ್ಬಿ. ಇಷ್ಟು ಗೊತ್ತಿತ್ತು. ಉಳಿದದ್ದನ್ನು ಮೇಸ್ತ್ರಿಗಳು ಕಲಿಸಿದರು. "ಎರಡು ಪ್ಲೇಟಿನ ಅಚ್ಚು ಸಾಧುಪ್ರಾಣಿ, ತಾಯಿ. ಬಾಯಿ ತೆರೆದರೆ ಮಾಲು ಬಾಲದ ಸಮೇತ ಬೀಳುತ್ತೆ, ಪ್ಲಾಸ್ಟಿಕ್ ಹರಿದು ಬಂದ ದಾರಿಯಲ್ಲೇ ಗಟ್ಟಿಯಾದ ಆ ಬಾಲ ನಾವು ಕತ್ತರಿಸ್ಬೇಕು. ಮೂರು ಪ್ಲೇಟಿನದು ಜಾಣ, ಬಾಲ ತಾನೇ ಕಳಚಿಕೊಡುತ್ತೆ. ಆ ದಾರಿಯನ್ನೇ ಬಿಸಿಯಾಗಿಡೋ ಹಾಟ್ ರನ್ನರಿಗೆ ಬಾಲವೇ ಇಲ್ಲ, ಆದರೆ ದಿನವಿಡೀ ಒಳಗೊಳಗೇ ಕುದೀತಿರುತ್ತೆ." "ಯಾರ ಹಾಗೆ?" ಅಂದೆ. ಅವರು ಮಾಲೀಕರ ಕೋಣೆಯ ಬಾಗಿಲು ನೋಡಿದರು. ಕ್ಷಮಿಸಿ ಸಾರ್, ಇದು ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಇರಲಿಲ್ಲ.

ನಾಲ್ಕನೆಯದು ಫ್ಯಾಮಿಲಿ ಮೋಲ್ಡು. ಒಂದೇ ಅಚ್ಚಿನಲ್ಲಿ ಡಬ್ಬಿ, ಅದರ ಮುಚ್ಚಳ, ಎರಡೂ. "ಇದು ಕೂಡುಕುಟುಂಬ. ಚಿಕ್ಕದರ ಹೊಟ್ಟೆ ಮೊದಲು ತುಂಬಿ ಉಕ್ಕುತ್ತೆ, ದೊಡ್ಡದಕ್ಕೆ ಅರೆಹೊಟ್ಟೆ. ಎರಡನ್ನೂ ತೂಗಿಸೋಳೇ ಗಟ್ಟಿಗಿತ್ತಿ" ಅಂದಿದ್ದರು. ಆಗ ನಕ್ಕಿದ್ದೆ. ಈಗ ಮಗಳು ಕುಡಿದದ್ದನ್ನು ನನ್ನ ಹೆಗಲ ಮೇಲೆ ಕಕ್ಕುವಾಗ, ನಾನು ಆರಿದ ಊಟವನ್ನು ನಿಂತೇ ನುಂಗುವಾಗ, ಆ ಮಾತು ಅರ್ಥವಾಗುತ್ತದೆ.

ಹತ್ತು ನಿಮಿಷದ ಹಿಂದೆ ಮಾಲೀಕರು ಅಭಿನಂದನಾ ಪತ್ರ ಓದಿದರು. "ಮೂವತ್ತೆರಡು ವರ್ಷದ ಸೇವೆ, ಒಂದೇ ಒಂದು ತಪ್ಪು: ಡಬ್ಬಿಯೊಳಗೆ ಬೀಳುವ ಮುಚ್ಚಳ!" ನೀವೆಲ್ಲ ನಕ್ಕಿರಿ. ಮೇಸ್ತ್ರಿಗಳೂ ನಕ್ಕರು. ಅವರ ಹೆಂಡತಿ ನಗಲಿಲ್ಲ. ನಾನೂ ನಗಲಿಲ್ಲ. ಯಾಕೆಂದರೆ ಆ ತಪ್ಪು ನನ್ನದು.

ಹೆರಿಗೆ ರಜೆ ಮುಗಿಸಿ ಬಂದ ಹನ್ನೊಂದನೆಯ ದಿನ ಅದು. ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆ. ಅದಕ್ಕೇ ಅಚ್ಚಿನ ಅಳತೆಗೆ ನೂರಕ್ಕೆ ಒಂದೂವರೆಯಷ್ಟು ಕೂಡಿಸಬೇಕು. ಡಬ್ಬಿಗೆ ಸರಿಯಾಗಿ ಕೂಡಿಸಿದೆ. ಅಷ್ಟರಲ್ಲಿ ಅತ್ತೆಯವರ ಫೋನು. "ಮಗು ಮೈ ಬೆಚ್ಚಗಿದೆ, ನೀನೇನೂ ಗಾಬರಿಯಾಗ್ಬೇಡ." ಗಾಬರಿಯಾಗಬೇಡ ಅಂದಮೇಲೆ ಯಾವ ತಾಯಿ ಸುಮ್ಮನಿದ್ದಾಳು? ಫೋನಿಟ್ಟು ಮುಚ್ಚಳದ ಅಳತೆಗೆ ಬಂದೆ. ಕೂಡಿಸುವ ಬದಲು ಕಳೆದೆ. ಆಮೇಲೆ ನೋಡಿದರೆ ಜ್ವರವೇ ಇಲ್ಲ, ಎರಡು ಹೊದಿಕೆ ಹೊದಿಸಿದ್ದರು ಅಷ್ಟೇ.

ಉಕ್ಕು ಕಡೆದದ್ದಾಯಿತು, ಮೊದಲ ಮಾಲು ಬಂತು. ಮೇಸ್ತ್ರಿಗಳು ಮುಚ್ಚಳವನ್ನು ಡಬ್ಬಿಯ ಮೇಲಿಟ್ಟರು. ಟಪ್! ತಳಕ್ಕೆ ಹೋಗಿ ಕೂತಿತು. "ಏನ್ ತಾಯಿ, ನಿನ್ನ ಮುಚ್ಚಳ ಒಳಗೇ ಸಂಸಾರ ಹೂಡಿತಲ್ಲ!" ನಾನು ಅಳಲು ಶುರುಮಾಡುವ ಮೊದಲೇ ಮಾಲೀಕರು ಬಂದರು. ನನ್ನನ್ನು ಮತ್ತೆ ಕೆಲಸಕ್ಕೆ ಕರೆದಾಗ ಅವರು ಹೇಳಿದ್ದು ನೆನಪಿತ್ತು: "ಹಸುಗೂಸಿನ ತಾಯಿ, ಅರ್ಧ ಗಮನ ಮನೇಲೇ ಇರುತ್ತೆ. ಮೂರು ತಿಂಗಳು ನೋಡೋಣ." ಮೇಸ್ತ್ರಿಗಳು ನನ್ನ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ನನ್ನ ಕೈತಪ್ಪು ಸಾರ್, ವಯಸ್ಸಾಯ್ತು ನೋಡಿ" ಅಂದರು. ನಾನು ಬಾಯಿ ತೆರೆದೆ. ತೆರೆದದ್ದನ್ನು ಹಾಗೇ ಮುಚ್ಚಿಕೊಂಡೆ.

ಅವರು ಮೂರು ದಿನ ಕೂತು ಹೊಸ ಉಕ್ಕು ಕಡೆದರು. "ಯಾಕೆ ಹಾಗಂದ್ರಿ?" ಅಂತ ಕೇಳಿದೆ. "ನನಗುಳಿದಿರೋದು ಮೂರು ತಿಂಗಳು, ನಿನಗೆ ಮೂವತ್ತು ವರ್ಷ. ಯಾರು ಬೈಸಿಕೊಂಡರೆ ಲಾಭ, ಲೆಕ್ಕ ಹಾಕು. ಈ ಸಲ ಕೂಡಿಸು ತಾಯಿ, ಕಳೀಬೇಡ."

ಸಭಿಕರೇ, ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಮಾತಿನ ನಂತರ 'ಅಚ್ಚು ವಿಭಾಗದ ಹೊಸ ಮುಖ್ಯಸ್ಥರ ಘೋಷಣೆ' ಎಂದಿದೆ. ಅದು ಯಾರೆಂದು ಗುಟ್ಟೇನಲ್ಲ. ಅತ್ತೆಯವರು ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಸಾರ್, ನಕ್ಷೆ ತಿದ್ದಲೆಂದು ಮೇಸ್ತ್ರಿಗಳು ನನಗೆ ಕೊಟ್ಟ ಕೆಂಪು ಪೆನ್ಸಿಲ್ ಇದು. ಆ ಪತ್ರಕ್ಕೆ ಗಾಜು ಹಾಕಿಸುವ ಮೊದಲು 'ಒಂದೇ ಒಂದು ತಪ್ಪು' ಅನ್ನುವ ಸಾಲನ್ನು ಹೊಡೆದುಹಾಕಿ. ನಿಮ್ಮ ಜೇಬಿನಲ್ಲಿರುವ ಘೋಷಣೆಯ ಹಾಳೆಯಲ್ಲೂ ಒಂದು ಹೆಸರು ಹೊಡೆದುಹಾಕಬೇಕು ಅನ್ನಿಸಿದರೆ, ಪೆನ್ಸಿಲ್ಲಿನ ಮೊನೆ ಚೂಪಾಗಿಯೇ ಇದೆ.

ಮೇಸ್ತ್ರಿಗಳೇ, ನನ್ನ ಮೇಲೆ ಹಾಗೆ ಕಣ್ಣು ಬಿಡಬೇಡಿ. ಲೆಕ್ಕ ಹಾಕು ಅಂದವರು ನೀವೇ. ಹಾಕಿದ್ದೇನೆ: ಮೂವತ್ತೆರಡು ವರ್ಷ, ತಪ್ಪು ಸೊನ್ನೆ.

ಮೂರು ನಿಮಿಷ ಎಂದು ಹೇಳಿ ಬಂದವಳನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಈಗ ಮೇಸ್ತ್ರಿಗಳಿಗಾಗಿ ಚಪ್ಪಾಳೆ ತಟ್ಟಿ. ಜೋರಾಗಿ ತಟ್ಟಿ. ಮಗು ಎದ್ದರೆ ಏಳಲಿ, ನಾನು ನೋಡಿಕೊಳ್ಳುತ್ತೇನೆ. ನಮಸ್ಕಾರ.