ಹೊಂಗೆ ಮರದ ಕೆಳಗೆ ಮೂರು ದಿನ

...ನಾಳೆ ನನ್ನ ಕಣ್ಣು ತೋರಿಸೋಕೆ ಹೋದಾಗ ಮೂಲೇಲಿ ನಿಂತು ಕಾಯಣ ಅಂತೀಯಲ್ಲ, ಬೇಡ ಕಣಮ್ಮ. ನಿಮ್ಮ ತಾತನ ಕಾಲು ಹೋಗಿದ್ದು ಹಂಗೇ ನಿಂತು. ನಿಂತಲ್ಲ, ಕೂತು. ಅಂಬಾಜಿದುರ್ಗದ ಕೆಳಗೆ ಆಗ ನಮ್ಮ ಇರುಳಿಗರದ್ದು ಏಳೆಂಟು ಗುಡಿಸಲು. ಜೇನು ಇಳಿಸೋಕೆ ಹೋಗಿ ತಾತನ ಪಾದದಲ್ಲಿ ಮುಳ್ಳು ಮುರೀತು. ಸಕ್ಕರೆ ಕಾಯಿಲೆ ಇತ್ತು, ಅದು ಆಮೇಲೆ ಗೊತ್ತಾಗಿದ್ದು ಬಿಡು. ಸೊಪ್ಪು ಅರೆದು ಕಟ್ಟಿದೆ, ಬೇರು ತೇದು ಹಚ್ಚಿದೆ, ಹೆಬ್ಬೆರಳು ಕಪ್ಪಾಯ್ತು. ಎರಡು ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋದ್ವಿ.

ನಮ್ಮೋರ ಪದ್ಧತಿ ಗೊತ್ತಲ್ಲ, ಬೇರೆಯೋರ ಮನೆಗೆ ಹೋದ್ರೆ ಚಪ್ಪಲಿ ಬಿಟ್ಟು ಅಂಗಳದಲ್ಲಿ ಕೂರ್ತೀವಿ, ಕರೆದ ಮೇಲೇ ಒಳಕ್ಕೆ. ಆಸ್ಪತ್ರೇಲೂ ಹಂಗೇ ಮಾಡಿದ್ವಿ, ದಡ್ಡರು. ಮುದ್ದೆ ಗಂಟು ಇಟ್ಕೊಂಡು ಹೊಂಗೆ ಮರದ ಕೆಳಗೆ ಕೂತ್ವಿ, ಪಕ್ಕದಲ್ಲೇ ಡಾಕ್ಟ್ರ ಕಾರು. ಬಿಳಿ ಕೋಟಿನೋರು ನಮ್ಮನ್ನ ದಾಟ್ಕೊಂಡು ಕಾಫಿಗೆ ಹೋದ್ರು, ಬಂದ್ರು, ಮತ್ತೆ ಹೋದ್ರು. ಒಬ್ಬ ನರ್ಸಮ್ಮ ಮೂಗು ಮುಚ್ಕೊಂಡು ಹೋದ್ಲು. ಮೂಗಿತ್ತು, ಏನಮ್ಮ ಅಂತ ಕೇಳೋಕೆ ಬಾಯಿ ಇರ್ಲಿಲ್ಲ ಪಾಪ. ಸಂಜೆ ವಾಚ್‌ಮನ್ ಬಂದು, "ಏಳ್ರಿ, ಗೇಟ್ ಹಾಕ್ಬೇಕು" ಅಂದ. ಅವನೊಬ್ಬ ಮಾತಾಡ್ಸಿದ್ದು, ಅದೂ ಎಬ್ಬಿಸೋಕೆ. ರಾತ್ರಿ ಗೇಟಿನಾಚೆ ಮಲಗಿದ್ವಿ, ಮಾರನೇ ದಿನಾನೂ ಅದೇ, ಅದೇ. ಒಳಕ್ಕೆ ಹೋಗಣ ಅಂತ ನಾನಂದ್ರೆ ತಾತ, "ಪಿಲವಲೇದು ಕದೇ, ಇನ್ನೂ ಕರೆದಿಲ್ಲ" ಅನ್ನೋನು. ಮರ್ಯಾದಸ್ತ. ಎಂಥೋರ ಮುಂದೆ ಮರ್ಯಾದೆ ನೋಡು.

ಮೂರನೇ ದಿನ ಕಾಲಿಂದ ವಾಸನೆ ಬಂತು, ನಾನೇ ನುಗ್ಗಿದೆ. ಕಿಟಕಿ ಹಿಂದೆ ಕೂತಿದ್ದೋನು ಫೋನ್ ನೋಡ್ಕೊಂಡೇ, "ಚೀಟಿ ಎಲ್ಲಮ್ಮ?" ಅಂದ. ಯಾವ ಚೀಟಿ ಸ್ವಾಮಿ, ಮೂರು ದಿನದಿಂದ ಕೂತಿದ್ದೀವಿ ಅಂದೆ. "ಮರದ ಕೆಳಗೆ ಕೂತ್ರೆ ಯಾರು ಕರೀತಾರೆ? ಇಲ್ಲಿ ಹೆಸರು ಬರೆಸ್ಬೇಕು. ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ." ಎಷ್ಟು ಹೇಳಿದ್ದ? ಒಂದು ಸಲಾನೂ ಹೇಳಿರ್ಲಿಲ್ಲ, ಥೂ. ಡಾಕ್ಟ್ರು ಕಾಲು ನೋಡಿ, "ಎರಡು ದಿನ ಮುಂಚೆ ಬಂದಿದ್ರೆ ಬೆರಳಲ್ಲೇ ಮುಗೀತಿತ್ತು" ಅಂದ್ರು. ಎರಡು ದಿನ ಮುಂಚೆ ನಾವು ಅವರ ಕಾರಿಗೆ ಒರಗಿಕೊಂಡು ಕೂತಿದ್ವಿ ಕಣಮ್ಮ. ಮೊಣಕಾಲ ಕೆಳಗೆ ತೆಗೆದ್ರು. ಬಂಡೆ ಹತ್ತಿ ಜೇನು ತರ್ತಿದ್ದ ಮನುಷ್ಯ, ಆಮೇಲೆ ಹೊಸಲು ದಾಟೋಕೆ ನನ್ನ ಭುಜ ಹಿಡೀಬೇಕಾಯ್ತು.

ಅದಕ್ಕೇ ನಾಳೆ ಯಾರಾದ್ರೂ ಕರೀಲಿ ಅಂತ ಕಾಯ್ಬೇಡ. ನೆಟ್ಟಗೆ ಒಳಕ್ಕೆ ಹೋಗು, ಹೆಸರು ಬರೆಸು, ನನ್ನನ್ನ ಕುರ್ಚಿ ಮೇಲೆ ಕೂರ್ಸು. ಚಪ್ಪಲಿ ಹಾಕ್ಕೊಂಡೇ.