ಹಳ್ಳದ ದಂಡೆಯ ಮಣಿ

ಸಭೆಯ ಅಧ್ಯಕ್ಷರೂ ನಾನು ಅಗೆಯುತ್ತಿರುವ ಹೊಲದ ಒಡೆಯರೂ ಆದ ಕುಬೇರಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಧಾರವಾಡದ ಈ ಬಿಸಿಲಿಗೆ ಹೆದರದೆ ಬಂದು ಕುಳಿತ ಸಭಿಕರೇ,

ಹಿಮಯುಗದ ಮಣಿ ಹುಡುಕಿದಳೆಂದು ಈ ಶಾಂಭವಿಗೆ ಶಾಲು ಹೊದಿಸಿದಿರಿ. ಹುಡುಕಿದ್ದು ನಾನೊಬ್ಬಳೇ ಅಲ್ಲ. ಮೊದಲ ಸಾಲಿನಲ್ಲಿ ಗಾಲಿಕುರ್ಚಿಯ ಮೇಲಿದ್ದಾರಲ್ಲ, ನನ್ನ ಪತಿ ಶಂಭುಲಿಂಗ, ಅವರೂ ಹುಡುಕಿದರು.

ಹಿಮಯುಗವೆಂದರೆ ನಮ್ಮಲ್ಲಿ ಹಿಮ ಬಿದ್ದಿತ್ತೇ? ಇಲ್ಲ. ಮಳೆ ಕಡಿಮೆಯಾಗಿ ಬಯಲೆಲ್ಲ ಹುಲ್ಲಾಗಿತ್ತು, ಆ ಹುಲ್ಲಿನಲ್ಲಿ ಉಷ್ಟ್ರಪಕ್ಷಿ ಓಡುತ್ತಿತ್ತು. ಬೇಟೆಯ ಬೆನ್ನು ಹತ್ತಿ ಮನುಷ್ಯರು ಹಳ್ಳದಿಂದ ಹಳ್ಳಕ್ಕೆ ನಡೆಯುತ್ತಿದ್ದರು. ಕುಬೇರಪ್ಪನವರ ಹತ್ತಿಯ ಹೊಲದ ಕೆಳಗೆ, ನೆರೆ ಕೊರೆದ ದಂಡೆಯಲ್ಲಿ, ಆ ಬೇಟೆಗಾರರ ಸಣ್ಣ ಕಲ್ಲಿನ ಅಲಗುಗಳು ನಮ್ಮಿಬ್ಬರಿಗೆ ಸಿಕ್ಕವು. ಜೊತೆಗೆ ದಪ್ಪನೆಯ ತತ್ತಿಯ ಚಿಪ್ಪಿನ ಚೂರುಗಳು. ಉಷ್ಟ್ರಪಕ್ಷಿಯದೆಂದೆವು. ಬಲ್ಲವರು ನಕ್ಕರು. ಹಕ್ಕಿ ಇತ್ತೆಂದೇ ಒಪ್ಪೋಣ, ಮನುಷ್ಯ ಆ ಚಿಪ್ಪನ್ನು ಮುಟ್ಟಿದ್ದಕ್ಕೆ ಗುರುತೇನು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಉತ್ತರ ಸಿಗುವ ಮೊದಲೇ ನನ್ನ ಪತಿಗೆ, ಇವರಿಗೆ, ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತರಗತಿಯಲ್ಲಿ ಗಂಟೆ ಬಾರಿಸಿದರೂ ಪಾಠದ ಮಾತು ನಿಲ್ಲಿಸದಿದ್ದ ಮಾಸ್ತರರು ಇವರು. ಇವರ ತಾಯಿ ಮುರಿಗೆವ್ವ ನನ್ನನ್ನು ಹತ್ತಿರ ಕೂರಿಸಿಕೊಂಡು, "ಇನ್ನ ಸಾಕವ್ವಾ, ಮನ್ಯಾಗ ಇರು. ಆ ಕಲ್ಲು ಎಲ್ಲಿ ಓಡಿ ಹೋಗತಾವ?" ಎಂದರು.

ಕಲ್ಲು ಓಡುವುದಿಲ್ಲ, ನಿಜ. ಆದರೆ ದಂಡೆ ಸಪಾಟು ಮಾಡಿ ಗೋದಾಮು ಕಟ್ಟಲು ಯಂತ್ರ ಬರುವುದಿತ್ತು. ನಾನು ಇವರನ್ನೇ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋದೆ. ಬೇವಿನ ನೆರಳಿನಲ್ಲಿ ಇವರು, ಗುಂಡಿಯಲ್ಲಿ ನಾನು. ಗಾಳಿ ಒಳ್ಳೆಯದೆಂದು ಎಲ್ಲರಿಗೂ ಹೇಳಿದೆ. ಗಾಳಿಗಲ್ಲ, ಸಭಿಕರೇ. ಇವರ ಮೌನದೆದುರು ನಾಲ್ಕು ಗೋಡೆಗಳ ನಡುವೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಒಂದು ಮಧ್ಯಾಹ್ನ ಜರಡಿಯಲ್ಲಿ ತೊಗರಿ ಬೇಳೆಯಷ್ಟು ಚಿಪ್ಪಿನ ಚೂರು ಉಳಿಯಿತು. ಮಣ್ಣು ಮೆತ್ತಿತ್ತು, ನನಗೇನೂ ಕಾಣಲಿಲ್ಲ. ಸಿಕ್ಕಿದ್ದನ್ನೆಲ್ಲ ತೋರಿಸುವ ವಾಡಿಕೆಯಂತೆ ಇವರ ಎಡ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಉಜ್ಜಿದರು, ಬಿಸಿಲಿಗೆ ಎತ್ತಿ ಹಿಡಿದರು. ತುಟಿ ಬಹಳ ಹೊತ್ತು ಒದ್ದಾಡಿತು.

"ತೂತು."

ಹೌದು, ತೂತು. ದಾರ ಏರಿಸಲು ಯಾರೋ ಕಲ್ಲಿನ ಮೊನೆಯಿಂದ ಕೊರೆದದ್ದು. ಹೊಟ್ಟೆಗಾಗಿ ಅಲೆದವರು ಕೊರಳಿಗಾಗಿಯೂ ಒಂದಿಷ್ಟು ಹೊತ್ತು ಎತ್ತಿಟ್ಟಿದ್ದರು. ಮಾತು ಹೋದ ಮೇಲೆ ನನ್ನ ಗಂಡ ಆಡಿದ ಮೊದಲ ಮಾತದು. ನನ್ನ ಹೆಸರು ಹೇಳಬಾರದಿತ್ತೇ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೂ ಆ ಗುಂಡಿಯಲ್ಲೇ ಕುಳಿತು ಕಣ್ಣು ಒರೆಸಿಕೊಂಡೆ.

ನಕ್ಕವರೂ ಈಗ ಒಪ್ಪಿದ್ದಾರೆ. ಕುಬೇರಪ್ಪನವರು ಮಣಿ ಸಿಕ್ಕ ಗುಂಡಿಯನ್ನು ಬಿಟ್ಟುಕೊಟ್ಟಿದ್ದಾರೆ, ಉಪಕಾರ ಮರೆಯುವುದಿಲ್ಲ. ಉಳಿದ ದಂಡೆಗೆ ಸೋಮವಾರ ಯಂತ್ರ ಬರುತ್ತದಂತೆ. ಅಧ್ಯಕ್ಷರೇ, ಹೊಲ ನಿಮ್ಮದು, ತಕರಾರಿಲ್ಲ. ಈ ಬೇಸಿಗೆಯೊಂದನ್ನು ನಮಗೆ ಕೊಡಿ. ಬೈರಿದೇವರಕೊಪ್ಪದ ನಿಮ್ಮ ಮನೆಗೆ ಬಂದು ಕೇಳಿದಾಗ, "ನೋಡೂಣ ತಗೋರಿ ಅಕ್ಕಾರ" ಎಂದಿರಿ. ಅದಕ್ಕೇ ಇಷ್ಟು ಜನರೆದುರು ಕೇಳುತ್ತಿದ್ದೇನೆ.

ಕೊಡದಿದ್ದರೂ ಸೋಮವಾರ ನಾವಿಬ್ಬರೂ ಆ ದಂಡೆಯ ಮೇಲೆ ಇರುತ್ತೇವೆ. ಕುರ್ಚಿ ಸರಿಸಿರೆಂದು ಹೇಳುವವರಿಗೆ ಇವರೇ ಉತ್ತರ ಕೊಡುತ್ತಾರೆ. ಇವರಿಗೆ ಈಗ ಎರಡನೆಯ ಮಾತೂ ಬಂದಿದೆ. ಅದು "ಒಲ್ಲೆ".

ಕಿವಿಗೊಟ್ಟು ಕೇಳಿದ ನಿಮಗೆಲ್ಲ ನಮ್ಮಿಬ್ಬರ ಕೃತಜ್ಞತೆ. ನಮಸ್ಕಾರ.