ಐವತ್ತೈದನೇ ದಿನ

ನಮ್ಮ ಸರ್ ಮನೆಯವರಾದ ವಿಜಯಶ್ರೀ ಅಕ್ಕ, ಮಗಳು ಅಪೂರ್ವಾ, ಕೆಲಸ ಬಿಟ್ಟು ಶ್ರದ್ಧಾಂಜಲಿ ಸಭೆಗೆಂದು ಕಲೂರಿನ ಈ ಹಾಲ್‌ಗೆ ಬಂದಿರುವ ಕನ್ನಡ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಾನು ಜುಬೈದಾ, ಮಂಜೇಶ್ವರದವಳು. ಪಾಲಾರಿವಟ್ಟಂನಲ್ಲಿ ಉಪೇಂದ್ರ ಸರ್ ನಡೆಸುತ್ತಿದ್ದ ಕಾಂಕ್ರೀಟ್ ಪರೀಕ್ಷೆಯ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಭಾಷಣ ಮಾಡಿ ಗೊತ್ತಿಲ್ಲ.

ಕೆಲಸ ಕೇಳಲು ಹೋದ ದಿನ ಸರ್ ಸರ್ಟಿಫಿಕೇಟ್ ಕೇಳಲಿಲ್ಲ. ಕಲಸಿದ ಕಾಂಕ್ರೀಟ್ ತೋರಿಸಿ, "ಏನನ್ಸುತ್ತಮ್ಮ?" ಅಂದರು. "ನೀರು ಜಾಸ್ತಿಯಾಗಿದೆ ಸರ್, ಯಾರು ಹಾಕಿದ್ದು?" ಅಂದೆ. "ನಾನೇ" — ಅಂದವರು ಜೋರಾಗಿ ನಕ್ಕರು. "ನಾಳೆಯಿಂದ ಬಾ."

ಸರ್‌ಗೆ ಒಂದೇ ಹುಚ್ಚು. ಬೂದಿ! ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಉಳಿಯುವ ಹಾರುಬೂದಿ. "ಒಂದು ಮೂಟೆ ಸಿಮೆಂಟ್ ಮಾಡೋಕೆ ಹೆಚ್ಚುಕಮ್ಮಿ ಅಷ್ಟೇ ತೂಕದ ಕೆಟ್ಟ ಗಾಳಿ ಮೇಲಕ್ಕೆ ಬಿಡ್ತೀವಿ. ಈ ಬೂದಿನ ಗುಡ್ಡೆ ಹಾಕಿ ಬಾವಿ ಕೆಡಿಸ್ತೀವಿ. ಗೋಡೆಯೊಳಗೆ ಹಾಕಿದ್ರೆ ಎರಡೂ ಉಳಿಯುತ್ತಲ್ಲಮ್ಮ!" ಶ್ರೀಹರಿ ಅಣ್ಣನ ಗೃಹಪ್ರವೇಶದಲ್ಲಿ ಪಾಯಸ ಬಿಟ್ಟು, ಬೀಗದಕೈಯಿಂದ ಹೊಸ ಗೋಡೆ ಗೀರಿ ನೋಡಿದವರು ಇವರೇ. ಅಣ್ಣ, ನಗಬೇಡಿ — ಆವತ್ತು ನೀವು ನಗಲಿಲ್ಲ.

ಈಗ ಒಂದು ತಪ್ಪು ಹೇಳಬೇಕು. ನನ್ನದು.

ಶ್ರೀಕಾರ್ಯಂನಲ್ಲಿ ಕಟ್ಟುವ ಒಂದು ಹಾಸ್ಟೆಲ್‌ಗೆ ಸರ್ ಅರ್ಧ ಸಿಮೆಂಟ್ ತೆಗೆದು ಬೂದಿ ಹಾಕಿ, ಪರೀಕ್ಷೆಗೆ ಅಂತ ಕಾಂಕ್ರೀಟ್ ಕಲಸಿದ್ದರು. ಕಲಸಿದ ಇಪ್ಪತ್ತೆಂಟನೇ ದಿನ ಅದರ ಮೂರು ಕ್ಯೂಬ್, ಅಂದರೆ ಎರಕ ಹೊಯ್ದ ಚೌಕ ತುಂಡುಗಳನ್ನು, ಯಂತ್ರದಲ್ಲಿ ಒತ್ತಿ ಒಡೆದೆ. ಬಲ ಮೂವತ್ತು ಬರಬೇಕಿತ್ತು, ಇಪ್ಪತ್ತಾರು ಬಂತು. ಸರ್ ಸೋಲಬಾರದು ಅಂತ ಪುಸ್ತಕದಲ್ಲಿ ಮೂವತ್ತೊಂದು ಬರೆದು, ವರದಿಯನ್ನೂ ಹಾಗೇ ಕಳಿಸಿಬಿಟ್ಟೆ. ಆದರೆ ಯಂತ್ರದಲ್ಲಿ ಒಂದು ಕೆಂಪು ಮುಳ್ಳಿದೆ. ಕ್ಯೂಬ್ ಎಲ್ಲಿ ಒಡೆಯಿತೋ ಅಲ್ಲೇ ನಿಲ್ಲುತ್ತದೆ, ನಾವೇ ಕೈಯಿಂದ ಸೊನ್ನೆಗೆ ತರಬೇಕು. ನಾನು ಮರೆತಿದ್ದೆ.

ಸರ್ ಮುಳ್ಳು ನೋಡಿದರು. ಪುಸ್ತಕ ನೋಡಿದರು. ನನ್ನನ್ನು ನೋಡಲಿಲ್ಲ. ಹಾಸ್ಟೆಲ್‌ನವರಿಗೆ ಫೋನ್ ಮಾಡಿ, "ನಮ್ಮ ವರದಿ ತಪ್ಪು. ಬೂದಿ ಗಟ್ಟಿಯಾಗೋದು ನಿಧಾನ, ಐವತ್ತಾರನೇ ದಿನದವರೆಗೆ ಸಮಯ ಕೊಡಿ" ಅಂದರು. ಅವರು ಒಪ್ಪಿದರು — ಆವತ್ತೂ ಮೂವತ್ತು ದಾಟದಿದ್ದರೆ ಬೂದಿ ಬೇಡ, ಬರೀ ಸಿಮೆಂಟ್ ಅಂತ.

ಕೆಲಸ ಹೋಯಿತು ಅಂದುಕೊಂಡು ಬ್ಯಾಗ್ ಎತ್ತಿದೆ. "ಎಲ್ಲಿಗೆ?" ಅಂದರು. "ನಿಧಾನ ಅಂದ್ರೆ ಸೋಲು ಅಂತ ಯಾರು ಹೇಳಿದ್ರು? ನೀನು ಶಾಲೆ ಬಿಟ್ಟೆ ಅಂತ ನಿನ್ನ ರಿಸಲ್ಟ್ ನಾನು ಮೊದಲೇ ಬರೆದಿಟ್ನಾ?"

ನಲವತ್ತಾರನೇ ದಿನ ಸರ್ ನಮ್ಮನ್ನೆಲ್ಲ ಬಿಟ್ಟು ಹೋದರು. ಕೊನೆಯ ಮೂರು ಕ್ಯೂಬ್ ಇನ್ನೂ ನೀರಿನ ತೊಟ್ಟಿಯಲ್ಲಿವೆ. ಬೆಳಿಗ್ಗೆ ಅಪೂರ್ವಾ ಕೇಳಿದಳು, "ಇನ್ನ್ ಪೊಟ್ಟಿಕ್ಕಾಮೋ, ಚೇಚೀ?" — ಅಕ್ಕಾ, ಇವತ್ತೇ ಒಡೆಯೋಣವಾ, ಸಭೆಯಲ್ಲಿ ಹೇಳಬಹುದಲ್ಲ ಅಂತ. ನನಗೂ ಆಸೆಯಾಯಿತು. ಆದರೆ ಇವತ್ತು ಐವತ್ತೈದು, ಮಗಳೇ. ಐವತ್ತಾರಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಒಡೆಯುತ್ತೇನೆ. ಅಕ್ಕ, ನೀವೂ ಬನ್ನಿ. ದಾಟುತ್ತದೆ ಅಂತ ಮಾತು ಕೊಡಲಾರೆ. ಕೆಂಪು ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನೇ ಬರೆಯುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸರ್‌ಗಾಗಿ ಒಂದು ನಿಮಿಷ ಮೌನ. ಪೂರ್ತಿ ಒಂದು ನಿಮಿಷ — ಐವತ್ತೈದು ಸೆಕೆಂಡಿಗೆ ಯಾರೂ ಕೂರಬೇಡಿ. ನಾನು ಗಡಿಯಾರ ನೋಡುತ್ತಿರುತ್ತೇನೆ.